ಆಣೆಯಲ್ಲಿ ಹೇಳದೆ ಬಿಟ್ಟ ತಂತಿ

"ಹಳೆಯ ಸ್ಕ್ಯಾನು ತನ್ನಿ. ಇಲ್ಲವಾದರೆ ಸೋಮವಾರ ಕೊಯ್ಯಲೇಬೇಕು" ಎಂದು ಡಾಕ್ಟರು ಹೇಳಿದಾಗ ಇವರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ನೋಡಿದರು. ಹಳೆಯ ಸ್ಕ್ಯಾನು ಎಲ್ಲಿ ಉಂಟೆಂದು ನಮಗಿಬ್ಬರಿಗೂ ಗೊತ್ತಿತ್ತು.

ಇವರ ಬಲಗಡೆಯ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಒಂದು ಕಲೆ ಕಂಡಿತ್ತು. ಐದು ವರ್ಷದ ಹಿಂದೆ ಇವರು ಕೆಮ್ಮಿ ಕೆಮ್ಮಿ ಮಲಗಿದ್ದಾಗಲೂ ಸ್ಕ್ಯಾನು ಮಾಡಿಸಿದ್ದೆವು. ಆಗಲೂ ಈ ಕಲೆ ಇಷ್ಟೇ ಇತ್ತು ಅಂತಾದರೆ ಅದು ಹಳೆಯ ಗಾಯದ ಗುರುತು, ಮುಟ್ಟುವುದು ಬೇಡ. ಹೊಸದಾಗಿ ಹುಟ್ಟಿದ್ದಾದರೆ ಕಾಯುವ ಹಾಗಿಲ್ಲ. "ಆದರೆ ಕಾಕಾ ಅವರ ಹೃದಯ ದುರ್ಬಲ" ಎಂದು ಆ ಮರಾಠಿ ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದರು. "ಮೇಜಿನ ಮೇಲಿಂದ ಎದ್ದು ಬರುತ್ತಾರೆ ಅಂತ ನಾನು ಮಾತು ಕೊಡಲಾರೆ, ತಾಯಿ. ನೋಡದೆ ಕೊಯ್ಯಲು ನನಗೂ ಇಷ್ಟವಿಲ್ಲ. ಶನಿವಾರದೊಳಗೆ ತನ್ನಿ."

ಆ ಸ್ಕ್ಯಾನಿನ ದೊಡ್ಡ ದೊಡ್ಡ ಫಿಲಮುಗಳನ್ನು ರದ್ದಿಯವನು ಕೇಳಿ ಕೇಳಿ ತೆಗೆದುಕೊಂಡು ಹೋಗಿದ್ದ. ಅದರಲ್ಲಿ ಬೆಳ್ಳಿಯ ಅಂಶ ಇರುತ್ತದಂತೆ, ಉಲ್ಹಾಸನಗರದಲ್ಲಿ ಅದನ್ನು ಕರಗಿಸುವವರು ಇದ್ದಾರಂತೆ. ಜೊತೆಗೆ ಕೊಟ್ಟ ಸಿ.ಡಿ.ಯನ್ನು ಇವರೇ ಗ್ಯಾಲರಿಯ ಗ್ರಿಲ್ಲಿಗೆ ದಾರ ಕಟ್ಟಿ ನೇತು ಹಾಕಿದ್ದರು. ಹೊಳೆಯುವ ಸಿ.ಡಿ. ತಿರುಗಿದರೆ ಪಾರಿವಾಳ ಬರುವುದಿಲ್ಲ ಎಂದು ನಮ್ಮ ಠಾಕುರ್ಲಿಯಲ್ಲಿ ಪ್ರತಿ ಬಿಲ್ಡಿಂಗಿನಲ್ಲೂ ಕಟ್ಟುತ್ತಾರೆ. ಪಾರಿವಾಳ ಬರುವುದು ನಿಲ್ಲಲಿಲ್ಲ. ಎರಡು ಮಳೆಗಾಲಕ್ಕೆ ಸಿ.ಡಿ.ಯ ಬೆಳ್ಳಿ ಮಾತ್ರ ಸಿಪ್ಪೆ ಸುಲಿದ ಹಾಗೆ ಎದ್ದುಹೋಯಿತು.

ಅಷ್ಟು ಹಳೆಯದನ್ನು ಆಸ್ಪತ್ರೆಯವರೂ ಇಟ್ಟಿರಲಿಲ್ಲ. ಉಳಿದದ್ದು ಒಂದೇ. ಆಗ ಆಸ್ಪತ್ರೆಗೆಲ್ಲ ಓಡಾಡಿದ್ದು ಇವರ ತಮ್ಮ ವಸಂತಕುಮಾರ. ಸಿ.ಡಿ. ಕೈಗೆ ಬಂದ ದಿನವೇ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ಇಟ್ಟಿದ್ದ. ಆ ಕಂಪ್ಯೂಟರು ನಮ್ಮ ಗೋಡೆಯ ಆಚೆಗೇ ಇದೆ. ಗೋಡೆಗೆ ಕಿವಿ ಕೊಟ್ಟರೆ ಅದರ ಫ್ಯಾನಿನ ಗುಂಯ್ ಸದ್ದು ಕೇಳುತ್ತದೆ.

ಆದರೆ ನಡುವೆ ಆಣೆ ಇತ್ತು.

ಅಣ್ಣ ತಮ್ಮ ಸೇರಿ ಪಕ್ಕಪಕ್ಕದ ಎರಡು ಮನೆ ಕೊಂಡು, ನಡುವಿನ ಗೋಡೆ ಒಡೆದು ಒಂದೇ ಮಾಡಿದ್ದರು. ಇವರು ಡೊಂಬಿವಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ವಸಂತ ಕಲ್ಯಾಣದ ಹೋಟೆಲಿನಲ್ಲಿ ಮ್ಯಾನೇಜರು. ಅತ್ತೆಯವರು ಬೆಳಿಗ್ಗೆ ಈಚೆ ಉಂಡರೆ ರಾತ್ರಿ ಆಚೆ ಮಲಗುತ್ತಿದ್ದರು. ಅವರು ಹೋದದ್ದು ಆಚೆ ಮಲಗಿದ್ದಾಗ. ಹದಿಮೂರನೆಯ ದಿನ ಊಟದ ಎಲೆ ಎತ್ತುವ ಮೊದಲೇ, "ಆಸ್ಪತ್ರೆಗೆ ಸೇರಿಸಲು ನೀನು ತಡ ಮಾಡಿದೆ" ಎಂದು ಅಣ್ಣ, "ನೀವು ನಾಳೆ ನೋಡುವ ಅಂದದ್ದು" ಎಂದು ತಮ್ಮ. ಮಾತಿಗೆ ಮಾತು ಬೆಳೆದು ಇವರು ಎದ್ದು ನಿಂತು, ಧರ್ಮಸ್ಥಳದ ದಿಕ್ಕಿಗೆ ಕೈ ಎತ್ತಿ ಹೇಳಿಯೇಬಿಟ್ಟರು:

"ಆಚೆಯ ನೀರು, ಬೆಂಕಿ, ಅಕ್ಕಿ ಈಚೆ ಬರಬಾರದು. ಈಚೆಯದ್ದು ಆಚೆ ಹೋಗಬಾರದು. ಕೈಯಿಂದ ಕೈಗೆ ಹುಲ್ಲುಕಡ್ಡಿ ದಾಟಬಾರದು, ಬಾಯಿಂದ ಬಾಯಿಗೆ ಮಾತು ದಾಟಬಾರದು. ತಪ್ಪಿದರೆ ಹುಟ್ಟಿದ ಮಕ್ಕಳ ಮೇಲೆ. ಮಂಜುನಾಥನ ಆಣೆ!"

"ನನ್ನದೂ ಅದೇ ಆಣೆ" ಎಂದ ವಸಂತ.

ಇವರಿಗೆ ಒಬ್ಬಳು ಮಗಳು, ಪ್ರೇಕ್ಷಾ. ಅವನಿಗೆ ಒಬ್ಬ ಮಗ, ಮನೀಶ್. ಇಬ್ಬರೂ ಅಲ್ಲೇ ಪಾಯಸದ ಲೋಟ ಹಿಡಿದು ನಿಂತಿದ್ದರು.

ಇಂಥ ಆಣೆಯನ್ನು ಬಿಡಿಸಲು ಇಬ್ಬರೂ ಕೂಡಿ ಧರ್ಮಸ್ಥಳಕ್ಕೆ ಹೋಗಿ ಸ್ವಾಮಿಯ ಮುಂದೆ ನಿಂತು ಹೇಳಬೇಕು. ಕೂಡಿ ಹೋಗಬೇಕಾದರೆ ಮೊದಲು ಮಾತಾಡಬೇಕು. ಮಾತಾಡಿದರೆ ಆಣೆ ಮುರಿಯುತ್ತದೆ. ಹೀಗೆ ವರ್ಷಗಳು ಹೋದವು. ಗೋಡೆಗೆ ಪುನಃ ಇಟ್ಟಿಗೆ ಏರಿತು. ಗಾರೆಯವನು ಗೋಡೆ ಕಟ್ಟುವಾಗ ಮೂಲೆಯಲ್ಲಿ ಒಂದು ನೀಲಿ ತಂತಿಯನ್ನು ಮಾತ್ರ ಹಾಗೇ ಬಿಟ್ಟಿದ್ದ. ಕೇಬಲಿನವನು ಆಚೆ ಮನೆಯಲ್ಲಿ ಇಂಟರ್ನೆಟ್ಟಿನ ಡಬ್ಬಿ ಇಟ್ಟು ಈಚೆಗೆ ಎಳೆದುಕೊಟ್ಟಿದ್ದ ತಂತಿ ಅದು. ನೀರು, ಬೆಂಕಿ, ಅಕ್ಕಿ ಎಂದು ಆಣೆ ಇಡುವಾಗ ಯಾರಿಗೂ ಅದರ ನೆನಪಾಗಲಿಲ್ಲ. ಆಮೇಲೆ ನೆನಪಾದಾಗ ಇವರು, "ಅದು ಕೇಬಲಿನವನದ್ದು, ಆಚೆಮನೆಯವನದ್ದಲ್ಲ" ಎಂದು ತೀರ್ಪು ಕೊಟ್ಟಿದ್ದರು.

ನಾನು ಆ ತೀರ್ಪನ್ನೇ ಹಿಡಿದುಕೊಂಡೆ.

ಗುರುವಾರ ಸಂಜೆ ಪ್ರೇಕ್ಷಾ ಘಣಸೋಲಿಯ ಆಫೀಸಿನಿಂದ ಬಂದದ್ದೇ ತಡ, ಅವಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. ಒರೆಸಿಕೊಂಡು ಹೇಳಿದಳು, "ಅಮ್ಮಾ, ಇದಕ್ಕೆ ಇಷ್ಟು ಯಾಕೆ? ಮನೀಶ್ ದಿನಾ ಲೋಕಲ್ ಗಾಡಿಯಲ್ಲಿ ಸಿಗ್ತಾನೆ. ಪೆನ್ ಡ್ರೈವಿಗೆ ಹಾಕಿ ಕೊಡ್ತಾನೆ. ಕಿಸಕೋ ಪತಾ ಚಲೇಗಾ? ಯಾರಿಗೆ ಗೊತ್ತಾಗ್ತದೆ?"

"ದಿನಾ ಸಿಗ್ತಾನಾ? ಮಾತಾಡ್ತೀಯಾ ಅವನ ಹತ್ತಿರ?"

"ಲೋಕಲ್ ಹತ್ತಿದ ಮೇಲೆ ಆಣೆ ಲಾಗೂ ಇಲ್ಲ ಅಂತ ನಾವಿಬ್ಬರು ಮಾಡಿಕೊಂಡಿದ್ದೇವೆ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡಿಕೊಂಡು ಹೋಗಿಬರುವ ಮಕ್ಕಳು. "ಕೈಯಿಂದ ಕೈಗೆ ಬೇಡ ಮಗಾ" ಎಂದೆ. "ಏನು ಬೇಕಾದರೂ ಮಾಡು, ಕೈಯಿಂದ ಕೈಗೆ ಬೇಡ. ಆ ತಂತಿಯಲ್ಲಿ ಬರ್ತದಾ ನೋಡು. ತಂತಿ ಆಣೆಯಲ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. "ನೀನೂ ನಂಬ್ತೀಯಾ ಅಮ್ಮಾ?"

"ನಂಬೂದಿಲ್ಲ. ಆದ್ರೂ ಬೇಡ."

ಅವಳ ಲ್ಯಾಪ್‌ಟಾಪು ಉಲ್ಹಾಸನಗರದ ಅಂಗಡಿಯಲ್ಲಿ ತಂದ ಸೆಕೆಂಡ್ ಹ್ಯಾಂಡು. ಅದರಲ್ಲಿ ವಿಂಡೋಸಿನ ಬದಲು ಉಬುಂಟು ಅಂತ ಪುಕ್ಕಟೆ ಸಿಗುವ ಒಂದನ್ನು ಹಾಕಿಕೊಂಡಿದ್ದಳು. ತಂತಿ ಚುಚ್ಚಿ ಏನೇನೋ ತೆರೆದಳು. ಪರದೆಯ ಮೇಲೆ ಸಣ್ಣ ಕಂಪ್ಯೂಟರಿನ ಚಿತ್ರ ಬಂತು, ಕೆಳಗೆ ಇಂಗ್ಲಿಷಿನಲ್ಲಿ ವಸಂತನ ಹೆಸರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೇಳದ ಹೆಸರು.

ಅದರ ಮೇಲೆ ಒತ್ತಿದಳು. ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಳಗೆ ಬಿಡುವುದಿಲ್ಲ ಎಂದಿತು. ಮತ್ತೆ ಒತ್ತಿದಳು. ಈ ಸಲ ಹೆಸರು ಕೇಳಿತು, ಪಾಸ್‌ವರ್ಡು ಕೇಳಿತು.

"ಏನಂತೆ?"

"ಅವರದ್ದು ವಿಂಡೋಸ್ ಅಮ್ಮಾ, ನಂದು ಉಬುಂಟು. ಎರಡರ ರೀತಿಯೇ ಬೇರೆ. ನಡುವೆ ಮಾತಾಡಿಸ್ಲಿಕ್ಕೆ ಸಾಂಬಾ ಅಂತ ಒಂದು ಉಂಟು. ಅದು ಹೋಗಿ ಬಾಗಿಲು ತಟ್ತದೆ. ಆದ್ರೆ ಆಚೆಯಿಂದ ಯಾರಾದರೂ ತೆಗೀಬೇಕಲ್ಲ."

"ಸಾಂಬನಾ? ಹಾಗಾದ್ರೆ ಮಂಜುನಾಥನೇ ಆಯ್ತಲ್ಲ ಮಾರಾಯ್ತಿ."

"ಅಮ್ಮಾ, ಪ್ಲೀಸ್. ಅದು ಪ್ರೋಗ್ರಾಮು."

ಆ ಹೊತ್ತಿಗೆ ಆಚೆಯ ಫ್ಯಾನಿನ ಸದ್ದು ನಿಂತಿತು. ಕಂಪ್ಯೂಟರು ಬಂದ್ ಮಾಡಿದರು. ಪರದೆಯ ಮೇಲಿನ ವಸಂತನ ಹೆಸರೂ ಆರಿಹೋಯಿತು.

ಶುಕ್ರವಾರ ಪ್ರೇಕ್ಷಾ ಆಫೀಸಿಗೆ ರಜೆ ಹಾಕಿದಳು. ಮನೀಶನಿಗೂ ಕಾಲೇಜಿಗೆ ಹೋಗಬೇಡವೆಂದು ಮೆಸೇಜು ಕಳಿಸಿದ್ದಳು. ಸ್ಕ್ಯಾನು ಮಾತ್ರ ಮೆಸೇಜಿನಲ್ಲಿ ಕಳಿಸುವಷ್ಟು ಸಣ್ಣದಲ್ಲವಂತೆ. ಅವನು ಮಾಡುತ್ತೇನೆ ಅಂದ, ಆದರೆ ಅವನ ಅಮ್ಮ ಎದುರಿಗೇ ಕೂತಿರುತ್ತಾಳೆ, ಅವಳಿಗೆ ಹೇಳದೆ ಆಗುವುದಿಲ್ಲ ಅಂದ. ಅವಳಿಗೆ ಹೇಳುವುದು ನನ್ನ ಪಾಲಿಗೆ ಬಂತು.

ಇವರು ಊಟ ಮಾಡಿ ಒಳಗೆ ಮಲಗಿದ ಮೇಲೆ ನಾನು ತಂಬಿಗೆ ಹಿಡಿದು ಗ್ಯಾಲರಿಗೆ ಬಂದೆ. ಅಲ್ಲಿ ನಮ್ಮ ತುಳಸಿ ಕುಂಡ. ಆಚೆ ಬದಿ ನನ್ನ ಓರಗಿತ್ತಿ ಕುಶಲ ಬಟ್ಟೆ ಹರವುತ್ತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೇಳಲೇಬೇಕಾದ್ದು ಇದ್ದರೆ ನಾನು ತುಳಸಿಗೆ ಹೇಳುತ್ತೇನೆ, ಅವಳು ಬೆಕ್ಕಿಗೆ ಹೇಳುತ್ತಾಳೆ.

"ತುಳಸಮ್ಮಾ" ಎಂದೆ, "ಆಚೆಮನೆಯ ಕಂಪ್ಯೂಟರು ಇವತ್ತು ಸ್ವಲ್ಪ ಹೊತ್ತು ಚಾಲೂ ಇದ್ದಿದ್ದರೆ ಒಂದು ಜೀವಕ್ಕೆ ಉಪಕಾರ ಆಗ್ತಿತ್ತು."

ಕುಶಲ ಒದ್ದೆ ಚಾದರವನ್ನು ಫಟ್ಟೆಂದು ಕೊಡವಿದಳು. "ಏ ಬೆಕ್ಕೇ, ಬೆಳಿಗ್ಗೆಯಿಂದ ಯಾಕೆ ಕಾಲಿಗೆ ಸುತ್ತುತ್ತೀ? ಎಂತ ಬೇಕು ಅಂತ ಸರಿ ಹೇಳಬಾರದಾ? ಕಂಪ್ಯೂಟರು ತಿಂತೀಯಾ?"

"ತುಳಸಮ್ಮಾ, ಇವರ ಎದೆಯ ಹಳೇ ಸ್ಕ್ಯಾನು ಅದರೊಳಗೆ ಉಂಟು. ನಾಳೆ ಅದನ್ನು ತೋರಿಸದಿದ್ದರೆ ಸೋಮವಾರ ಎದೆ ಕೊಯ್ತಾರೆ. ಇವರ ಹೃದಯ ತಡೆಯೂದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ."

ಬಟ್ಟೆಯ ಕ್ಲಿಪ್ಪೊಂದು ಅವಳ ಕೈಯಿಂದ ಜಾರಿ ಕೆಳಗಿನ ಅಂಗಳಕ್ಕೆ ಬಿತ್ತು. ಹಾಗೆ ನೋಡಿದರೆ ಗ್ಯಾಲರಿಯಲ್ಲಿ ಬೆಕ್ಕೇ ಇರಲಿಲ್ಲ.

"ಬೆಕ್ಕೇ" ಎಂದಳು. "ನಮ್ಮ ಯಜಮಾನರು ಹೋಟೆಲಿಂದ ಊಟಕ್ಕೆ ಬರುವ ಹೊತ್ತಾಯ್ತು. ತಿನ್ನೂದಿದ್ದರೆ ಅದರ ಮೊದಲು ತಿಂದು ಹೋಗು. ನಾನು ನೋಡ್ಲಿಲ್ಲ." ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿ, "ಮನೀಶಾ, ಅದೇನೋ ಮಾಡಬೇಕು ಅಂದಿಯಲ್ಲ, ಮಾಡಿ ಮುಗಿಸು!" ಎಂದು ಕೂಗಿದಳು.

ಆಚೆಯ ಫ್ಯಾನು ಗುಂಯ್ ಎಂದಿತು. ಮನೀಶನ ಮೆಸೇಜು ಬಂತು: ಪಾಸ್‌ವರ್ಡು ತೆಗೆದಿದ್ದೇನೆ, ಟ್ರೈ ಕರ್. ಪ್ರೇಕ್ಷಾ ಒತ್ತಿದಳು. ಚಕ್ರ ತಿರುಗಿತು. ಬಿಡುವುದಿಲ್ಲ. ಅವಳು ಏನೋ ಬರೆದು ಕಳಿಸಿದಳು, ಅವನು ಏನೋ ಮಾಡಿದ. ಬಿಡುವುದಿಲ್ಲ. ಇಬ್ಬರ ಕಂಪ್ಯೂಟರೂ ಒಂದೇ ಗುಂಪಿನ ಹೆಸರು ಹೇಳಬೇಕಂತೆ, ಅದು ಸರಿ ಮಾಡಿದಳು. ಆಚೆ ಒಂದು ಕಾವಲಿನ ಪ್ರೋಗ್ರಾಮು ಕೂತಿದೆಯಂತೆ, ಅದನ್ನು ಅವನು ಎಬ್ಬಿಸಿ ಕಳಿಸಿದ. ನಾನು ಒಳಕೋಣೆಯ ಬಾಗಿಲಿನಲ್ಲಿ ನಿಂತು ಒಂದು ಕಿವಿ ಇವರ ಗೊರಕೆಗೆ, ಒಂದು ಕಿವಿ ಮೆಟ್ಟಿಲಿಗೆ ಕೊಟ್ಟಿದ್ದೆ.

"ಖುಲ್ ಗಯಾ!" ಎಂದು ಪ್ರೇಕ್ಷಾ ಬಾಯಿ ಮುಚ್ಚಿಕೊಂಡಳು. ಹಳದಿ ಚೀಲಗಳ ಹಾಗೆ ಫೋಲ್ಡರುಗಳು ಸಾಲಾಗಿ ಕಂಡವು. ಒಂದರ ಹೆಸರು 'ಅಣ್ಣ ಸ್ಕ್ಯಾನ್'. ಅಷ್ಟು ವರ್ಷದ ಸಿಟ್ಟಿನಲ್ಲೂ ವಸಂತ ಅದನ್ನು ಅಳಿಸಿರಲಿಲ್ಲ.

ಅವಳು ಅದನ್ನು ಎಳೆದು ತನ್ನ ಕಡೆ ಹಾಕಿಕೊಂಡಳು. ಒಂದು ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ತುಂಬತೊಡಗಿತು. ಒಳಗೆ ಸಣ್ಣ ಸಣ್ಣ ಫೈಲುಗಳು, ನೂರಾರು, ಎದೆಯನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಕತ್ತರಿಸಿ ಒಂದೊಂದು ಚೂರಿಗೂ ಒಂದು ಫೋಟೋ. ಬಂದದ್ದನ್ನು ತೆರೆದು ತೋರಿಸು ಎಂದೆ. "ತೋರಿಸುವ ಪ್ರೋಗ್ರಾಮು ವಿಂಡೋಸಿನದ್ದು ಅಮ್ಮಾ, ಇದರಲ್ಲಿ ನಡೀಯೂದಿಲ್ಲ. ಡಾಕ್ಟರೇ ನೋಡಬೇಕು." ಕಲೆ ಇದೆಯೋ ಇಲ್ಲವೋ, ನನ್ನ ಕಣ್ಣೆದುರೇ ಗೋಡೆ ದಾಟಿ ಬರುತ್ತಿದ್ದರೂ ನಮಗೆ ಗೊತ್ತಾಗುವಂತಿರಲಿಲ್ಲ.

ಪಟ್ಟಿ ಅರ್ಧ ತುಂಬಿರಬೇಕು. ಗೊರಕೆ ನಿಂತದ್ದು ನನಗೆ ತಿಳಿಯಲೇ ಇಲ್ಲ.

"ಎಂತ ಬರ್ತಾ ಉಂಟು ಅದರಲ್ಲಿ?"

ಇವರು ನನ್ನ ಹಿಂದೆಯೇ ನಿಂತಿದ್ದರು. ಬನಿಯನ್ನು ಬೆವರಿಗೆ ಅಂಟಿತ್ತು. ಪ್ರೇಕ್ಷಾ ಸುಳ್ಳು ಹೇಳಬಹುದಿತ್ತು, ಆಫೀಸಿನ ಕೆಲಸ ಅನ್ನಬಹುದಿತ್ತು. ಅವಳಿಗೆ ಬರುವುದಿಲ್ಲ. "ನಿಮ್ಮ ಸ್ಕ್ಯಾನು ಅಪ್ಪಾ" ಎಂದಳು. "ಕೈಯಲ್ಲಿ ತಗೊಳ್ಳಲಿಲ್ಲ. ವಯರಲ್ಲೇ."

ಇವರು ಮೂಲೆಗೆ ಹೋಗಿ ಆ ನೀಲಿ ತಂತಿಯನ್ನು ಬುಡದಿಂದ ಕಿತ್ತರು. ಗಾರೆಯ ಚೂರು ಉದುರಿತು. ಅಷ್ಟಕ್ಕೇ ಏದುಸಿರು ಬಂದು ಗೋಡೆಗೆ ಒರಗಿ ಕೂತರು.

"ಎಷ್ಟು ಬಂತು?" ಎಂದು ನಾನು ಕೇಳಿದ್ದು ಪ್ರೇಕ್ಷಾಳನ್ನು.

"ಅರ್ಧ. ಯಾವ ಅರ್ಧ ಅಂತ ಗೊತ್ತಿಲ್ಲ."

"ಕೊಯ್ಯಲಿ ಬಿಡು ಅಕ್ಕು" ಎಂದರು ಇವರು ನನ್ನ ಕಡೆ ತಿರುಗಿ. ಬೈಯುವ ದನಿಯಲ್ಲ, ಬೇಡುವ ದನಿ. "ಹೋದರೆ ನಾನು ಹೋಗ್ತೇನೆ. ಆಣೆ ಮುರಿದರೆ ಇವಳ ತಲೆಗೆ ಬರ್ತದೆ. ಇವಳು ದಿನಾ ಆ ಗಾಡಿಯಲ್ಲಿ ಹೋಗ್ತಾಳೆ. ನಿನಗೆ ಕಾಣೂದಿಲ್ಲವಾ?"

"ಕಾಣ್ತದೆ" ಎಂದೆ.

ಒಂದು ಕಡೆ ಗೋಡೆಗೆ ಒರಗಿ ಉಸಿರು ಎಳೆಯುವ ಇವರು, ಇನ್ನೊಂದು ಕಡೆ ಕಣ್ಣು ಒರೆಸುತ್ತ ಕೂತ ಮಗಳು. ಮಂಜುನಾಥ ನನ್ನ ಹತ್ತಿರ ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂತ ಕೇಳಿರಲಿಲ್ಲ. ಕೇಳಿದ್ದು ಇವರ ಸಿಟ್ಟು. ತಂತಿಯ ಸಂದಿಯಲ್ಲಿ ನುಸುಳಿಕೊಳ್ಳಬಹುದು ಅಂದುಕೊಂಡೆನಲ್ಲ, ಪೆನ್ ಡ್ರೈವು ತಾ ಅಂದಿದ್ದರೆ ನಿನ್ನೆಯೇ ಮುಗಿಯುತ್ತಿತ್ತು.

ನಾನು ಹೊರಗೆ ಬಂದು ಆಚೆಯ ಬಾಗಿಲು ತಟ್ಟಿದೆ. ತೆಗೆಯುವವರೆಗೆ ಕಾಯದೆ ತಳ್ಳಿ ಒಳಗೆ ಕಾಲಿಟ್ಟೆ.

ವಸಂತ ಆಗಷ್ಟೇ ಬಂದು ಊಟಕ್ಕೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ನಾನು ನೋಡೇ ಇರಲಿಲ್ಲ. ಕಲಸಿದ ಅನ್ನದ ಕೈ ಹಾಗೇ ನಿಂತಿತು. ಕುಶಲ ಸಾರಿನ ಸೌಟು ಹಿಡಿದು ಗೋಡೆಗೆ ಸರಿದಳು. ಮನೀಶ್ ಕಂಪ್ಯೂಟರಿನ ಮುಂದಿನಿಂದ ಎದ್ದ.

"ಕುಶಲಾ, ನೀರು ಕೊಡು" ಎಂದೆ.

ಅವಳು ಗಂಡನ ಮುಖ ನೋಡಿದಳು.

"ಅತ್ತಿಗೇ, ಬೇಡ" ಎಂದ ವಸಂತ. ಇಷ್ಟು ವರ್ಷದ ಮೇಲೆ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು. "ನಮ್ಮ ಮನೀಶನೂ ಉಂಟು ಆ ಆಣೆಯಲ್ಲಿ."

"ಗೊತ್ತುಂಟು. ನನ್ನ ಮಗಳೂ ಉಂಟು. ಅಲ್ಲಿ ನಿಮ್ಮ ಅಣ್ಣನೂ ಉಂಟು, ಉಸಿರು ಸಿಗದೆ. ಆ ಹಳೇ ಸ್ಕ್ಯಾನು ಸಿಗದಿದ್ದರೆ ಸೋಮವಾರ ಎದೆ ಕೊಯ್ತಾರೆ. ಯಾರನ್ನು ಬಿಡಲಿ ಹೇಳಿ?"

ನಾನು ಅವನ ತಟ್ಟೆಯ ಪಕ್ಕದ ಲೋಟವನ್ನೇ ಎತ್ತಿ ಕುಡಿದೆ. ಗಟಗಟ ಎಂದು ಪೂರ್ತಿ ಕುಡಿದೆ. ಲೋಟ ಕೆಳಗಿಡುವಾಗ ಕುಶಲ ಅಳುತ್ತಿದ್ದಳು.

ವಸಂತ ಎದ್ದು ಕೈ ತೊಳೆದ. ಬಹಳ ಹೊತ್ತು ತೊಳೆದ. ಆಮೇಲೆ, "ಮನೀಶಾ, ದೊಡ್ಡಪ್ಪನದ್ದು ಏನೇನು ಉಂಟು ಎಲ್ಲ ಪೆನ್ ಡ್ರೈವಿಗೆ ಹಾಕು" ಎಂದ. ಮನೀಶ್ ಹಾಕಿದ. ಬೆರಳುದ್ದದ ಆ ಪೆನ್ ಡ್ರೈವನ್ನು ವಸಂತ ಅವನ ಕೈಯಿಂದ ತೆಗೆದುಕೊಂಡು, ತಾನೇ ನನ್ನ ಅಂಗೈಯಲ್ಲಿಟ್ಟ. "ಕುಡಿದಾಯ್ತಲ್ಲ ಅತ್ತಿಗೆ. ಇನ್ನು ಉಳಿದದ್ದು ಎಂತ" ಎಂದ.

ಶನಿವಾರ ಇವರು ಬರುವುದಿಲ್ಲ ಅಂದರು. ಪ್ರೇಕ್ಷಾ ಕಾಲು ಹಿಡಿದು ಕರೆದಳು, ಬಂದರು. ಡಾಕ್ಟರು ತಮ್ಮ ಪರದೆಯಲ್ಲಿ ಹಳೆಯದನ್ನು ಒಂದು ಕಡೆ, ಹೊಸದನ್ನು ಒಂದು ಕಡೆ ಇಟ್ಟುಕೊಂಡು ಚೂರು ಚೂರಾಗಿ ಕೆಳಗಿಳಿಸುತ್ತ ಬಂದರು. ಒಂದು ಕಡೆ ನಿಲ್ಲಿಸಿದರು. ನನಗೂ ಕಂಡಿತು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಬಿಳಿ ಚುಕ್ಕೆ.

"ಕೂದಲಷ್ಟೂ ಬೆಳೆದಿಲ್ಲ" ಎಂದರು ಡಾಕ್ಟರು. "ಸೋಮವಾರದ್ದು ರದ್ದು. ಆರು ತಿಂಗಳಿಗೊಮ್ಮೆ ತೋರಿಸಿ, ಸಾಕು."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಇವರು ಕೇಳಿದರು, "ಡಾಕ್ಟರೇ, ಈ ಹಳೇ ಫೋಟೋ ಸಿಗದೇ ಇದ್ದಿದ್ದರೆ?"

"ಕೊಯ್ತಿದ್ದೆ."

"ಹಾಗಾದರೆ ಅದು ಸಿಗಲಿಲ್ಲ ಅಂತ ತಿಳಿದು ಕೊಯ್ದುಬಿಡಿ."

ಡಾಕ್ಟರು ನಕ್ಕರು. ಇವರ ಮುಖ ನೋಡಿ ನಗು ನಿಲ್ಲಿಸಿದರು. ಪ್ರೇಕ್ಷಾ ಆಣೆಯ ವಿಷಯ ಹೇಳಿದಳು. "ಕಾಕಾ, ಶ್ವಾಸಕೋಶ ನಿಮ್ಮದೇ ತಾನೇ? ಫೋಟೋ ಯಾರ ಮನೆಯಲ್ಲಿದ್ದರೆ ಏನು?" ಎಂದು ಮರಾಠಿಯಲ್ಲಿ ಕೇಳಿದರು. ಇವರು ಎದ್ದರು. ಗಾಡಿಯಲ್ಲಿ ಠಾಕುರ್ಲಿ ಬರುವವರೆಗೂ ಪ್ರೇಕ್ಷಾಳ ಮೊಣಕೈ ಹಿಡಿದುಕೊಂಡೇ ಕೂತಿದ್ದರು.

ಸೋಮವಾರ, ಇವರ ಎದೆ ಕೊಯ್ಯಬೇಕಾಗಿದ್ದ ದಿನ, ಪ್ರೇಕ್ಷಾ ಆಫೀಸಿಗೆ ಹೋದಳು. ಸಂಜೆ ಇವರು ಚಪ್ಪಲಿ ಮೆಟ್ಟಿಕೊಂಡರು. ಎಲ್ಲಿಗೆಂದು ಕೇಳಿದರೆ, "ಸ್ಟೇಷನ್ನಿಗೆ" ಅಂದರು. ಮೆಟ್ಟಿಲು ಹತ್ತಬಾರದ ಮನುಷ್ಯ, ನಾನು ಹಿಂದೆಯೇ ಹೋದೆ. ಕಲ್ಯಾಣದ ಕಡೆ ಹೋಗುವ ಪ್ಲಾಟ್‌ಫಾರಂನಲ್ಲಿ, ಹೆಂಗಸರ ಡಬ್ಬಿ ನಿಲ್ಲುವ ಕಡೆ ಕಂಬ ಹಿಡಿದು ನಿಂತರು. ಗಾಡಿ ಬಂದಾಗಲೆಲ್ಲ ಬಾಗಿಲಲ್ಲಿ ನೇತಾಡುವ ಹುಡುಗಿಯರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದರು.

ಅದೇ ಪ್ಲಾಟ್‌ಫಾರಂನ ಇನ್ನೊಂದು ತುದಿಯಲ್ಲಿ, ಗಂಡಸರ ಡಬ್ಬಿಯ ಕಡೆ, ಬಿಳಿ ತಲೆಯವನೊಬ್ಬ ಹೋಟೆಲಿನ ಡ್ಯೂಟಿ ಬಿಟ್ಟು ಬಂದು ನಿಂತಿದ್ದ. ಅವನೂ ಹಾಗೇ ನೋಡುತ್ತಿದ್ದ. ಇಬ್ಬರಿಗೂ ಇಬ್ಬರು ಕಂಡಿದ್ದರು. ಯಾರೂ ಜಾಗ ಬಿಟ್ಟು ಅಲ್ಲಾಡಲಿಲ್ಲ.

ನಮ್ಮವಳು ಇಳಿದಳು. ಜನರ ನಡುವಿಂದ ಮನೀಶನೂ ಇಳಿದು ಬಂದ. ಇವರು ಒಂದು ಸಲ ಮಗಳ ತಲೆ ಮುಟ್ಟಿ ನೋಡಿ ಮುಂದೆ ಮುಂದೆ ನಡೆದರು.

ಮರುದಿನ ಸಂಜೆ ಪುನಃ ಚಪ್ಪಲಿ ಮೆಟ್ಟಿಕೊಂಡರು. ಇದೆಲ್ಲ ಎಂತ ಹುಚ್ಚು, ಮನೆಯಲ್ಲಿ ಕೂತುಕೊಳ್ಳಿ ಎಂದು ಹೇಳಬೇಕೆಂದು ಬಾಗಿಲವರೆಗೂ ಹೋದೆ. ಗಾಡಿ ಬರುವ ಹೊತ್ತಾಗಿತ್ತು. "ಬೇಗ ನಡೀರಿ" ಎಂದೆ.